ಒಪ್ಪಿಸಿದ ಮಾತು

ಹೋದ ತಿಂಗಳು ಒಂದು ಮದುವೆಗೆಂದು ಯಾದಗಿರಿಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು, ಸ್ಟೇಷನ್ನಿನ ಆಚೆ ಕಾಲಾಡಿಸಿಕೊಂಡು ಹೊರಟೆ. ಅಲ್ಲಿಯ ಹಳೆಯ ಹತ್ತಿ ಗಿರಣಿಯನ್ನು ಕೆಡವುತ್ತಿದ್ದರು. ಗೋಡೆ ಇಳಿದು ಬಾಯ್ಲರು ಬಯಲಿಗೆ ಬಿದ್ದಿತ್ತು. ಅದರ ಮೈಗೆ ಮೆತ್ತಿದ್ದ ಬಿಳಿಯ ಲೇಪವನ್ನು ಇಬ್ಬರು ಆಳುಗಳು ಹಾರೆಯಿಂದ ಕೆತ್ತುತ್ತಿದ್ದರು. ಧೂಳು ಏಳಬಾರದೆಂದು ಯಾರೋ ಮೇಲೆ ನೀರು ಸುರಿದಿದ್ದರು. ತೊಯ್ದ ಆ ಧೂಳಿನ ವಾಸನೆ ಹಸಿ ಸುಣ್ಣದ ಹಾಗೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಹಳೆಯ ಹತ್ತಿಕಾಳಿನ ಮುಗ್ಗು. ಅಲ್ಲಿ ನಿಲ್ಲಲಾಗಲಿಲ್ಲ. ಮದುವೆಯ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಕೇಳಿದವರಿಗೆ ಪಿತ್ತವೆಂದು ಸುಳ್ಳು ಹೇಳಿದೆ. ವಕೀಲನಿಗೆ ಸುಳ್ಳು ಎಷ್ಟು ಸಲೀಸು ಎಂದು ನನ್ನ ಹೆಂಡತಿ ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ. ಸುಳ್ಳಿನಿಂದ ಸೋತ ಮೊಕದ್ದಮೆ ನನಗೆ ಒಂದೂ ನೆನಪಿಲ್ಲ, ನಿಜದಿಂದ ಸೋತದ್ದು ಒಂದಿದೆ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲಿನ ನಾಲ್ಕನೆಯ ಮಳೆಗಾಲ ಅದು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಕಾನೂನು ಓದಿ ನಾನು ಊರಿಗೆ ಬರುವಷ್ಟರಲ್ಲಿ ಕಾನೂನೇ ಬೇರೆ ಭಾಷೆ ಆಡತೊಡಗಿತ್ತು. ಕಚೇರಿಯ ಬೋರ್ಡು ಬದಲಾಗಿತ್ತು, ಮುದ್ರೆ ಬದಲಾಗಿತ್ತು, ವಿಚಾರಣೆ ನಡೆಸುವ ಸಾಹೇಬರು ಮದ್ರಾಸ್ ಕಡೆಯಿಂದ ಬಂದಿದ್ದರು. ಸಾಕ್ಷಿ ಕನ್ನಡದಲ್ಲಿ ಹೇಳುತ್ತಿದ್ದ, ಕೋರ್ಟಿನ ಗುಮಾಸ್ತ ಪೇಷ್ಕಾರ ಅದನ್ನು ಉರ್ದುವಿನಲ್ಲಿ ಯೋಚಿಸುತ್ತಿದ್ದ, ಸಾಹೇಬರು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು. ಗಿರಣಿಯ ಕೂಲಿಗೆ ಕೆಲಸದಿಂದಲೇ ರೋಗ ಬಂದರೆ, ಸಾವು ಬಂದರೆ ಪರಿಹಾರ ಕೇಳುವ ಕಾನೂನು ನಮ್ಮ ಸೀಮೆಗೆ ಆಗಷ್ಟೇ ಕಾಲಿಟ್ಟಿತ್ತು. ಯಾದಗಿರಿಯಲ್ಲಿ ಅದನ್ನು ಪೂರ್ತಿ ಓದಿದವನು ನಾನೊಬ್ಬನೇ ಎಂಬ ಜಂಬ ನನಗೆ. ಕಕ್ಷಿಗಾರರು ಮಾತ್ರ ಯಾರೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬಂತೆ ಹೊಸ ಕರಿ ಕೋಟು ಹಾಕಿಕೊಂಡು ಕಚೇರಿಯ ಪಡಸಾಲೆಯಲ್ಲಿ ಕೂತಿರುತ್ತಿದ್ದೆ.

ಆಷಾಢದಲ್ಲಿ ಹಿಡಿದ ಜಡಿಮಳೆ ಬಿಡುವಂತೆಯೇ ಇರಲಿಲ್ಲ. ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಒಂದು ಮಣ ತೂಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಕಂಬಳಿ ಕೊಪ್ಪೆ ಹೊದ್ದ ಹೆಂಗಸೊಬ್ಬಳು ಪಡಸಾಲೆಯ ಮೆಟ್ಟಿಲ ಬಳಿ ಬಂದು ನಿಂತಳು. ಹೆಸರು ಮಲ್ಲಮ್ಮ. ಜೊತೆಗೆ ಮೈದುನ ಹಣಮಂತ. ಕಕ್ಕೇರಾ ಕಡೆಯ ಒಂದು ದೊಡ್ಡಿಯವರು, ಅಂದರೆ ನಾಲ್ಕಾರು ಮನೆಗಳ ಹಟ್ಟಿಯವರು, ಕುರಿ ಸಾಕಿಕೊಂಡು ಒಣಬೇಸಾಯ ಮಾಡುವ ಮಂದಿ. ಸುರಪುರದವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಶಹಾಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದರು.

"ನಮ್ಮ ಮನಿಯವ್ರು ಹ್ವಾದ ಬ್ಯಾಸಗ್ಯಾಗ ತೀರ್ಕೊಂಡ್ರು ರಿ," ಎಂದಳು ಮಲ್ಲಮ್ಮ. "ಮಂದಿ ಕ್ಷಯ ಅಂತಾರ. ಕ್ಷಯ ಅಲ್ರಿ ಅದು. ಈ ಊರ ಗಿರಣ್ಯಾಗಿನ ಧೂಳ."

ಉಳಿದದ್ದನ್ನು ಆಕೆಯೇ ಹೇಳಿದಳು, ಗಂಡನ ಹೆಸರು ಮಾತ್ರ ಹಣಮಂತ ಹೇಳಿದ. ಸಾಬಣ್ಣ. ಸುಗ್ಗಿಯಲ್ಲಿ ಎಲ್ಲರಂತೆ ಹತ್ತಿ ಅಂಡಿಗೆ ಹೊರುತ್ತಿದ್ದ, ಮಳೆಗಾಲದಲ್ಲಿ ಗಿರಣಿ ನಿಂತಾಗ ಬಾಯ್ಲರಿಗೆ ಹೊಸ ಲೇಪ ಹಾಕುತ್ತಿದ್ದ. ಬಿಸಿ ಹೊರಗೆ ಹೋಗಬಾರದೆಂದು ಬಾಯ್ಲರಿಗೆ, ಕೊಳವೆಗಳಿಗೆ ಮೆತ್ತುವ ಆ ವಸ್ತುವಿಗೆ ಕೂಲಿಗಳು ಬಿಳಿ ನಾರು ಎನ್ನುತ್ತಿದ್ದರು. ಅದು ಕಲ್ನಾರು, ಕಲ್ಲಿನಿಂದ ತೆಗೆದ ನಾರು ಎಂದು ನಾನು ಆಮೇಲೆ ತಿಳಿದುಕೊಂಡೆ. ಆರು ವರ್ಷ ಆ ಕೆಲಸ ಮಾಡಿ ಏಳನೆಯ ವರ್ಷ ಮೆಟ್ಟಿಲು ಹತ್ತಲಾರದೆ ಊರಿಗೆ ಬಂದು ಮಲಗಿದ್ದ.

ಪರಿಹಾರ ಸಿಗಬಹುದು ಎಂದು ನಾನು ಉಬ್ಬಿ ಹೇಳಿದೆ. ಮಲ್ಲಮ್ಮನಿಗೆ ಬೇಕಾಗಿದ್ದದ್ದು ಬೇರೆ. ಮಗಳು ದೇವಮ್ಮನಿಗೆ ತಿಂಥಣಿಯಲ್ಲಿ ಗಂಡು ಗೊತ್ತಾಗಿತ್ತು, ಹೊಳೆದಂಡೆಯ ಬೇಸಾಯದ ಮನೆ. ಸಾಬಣ್ಣ ಸತ್ತ ಮೇಲೆ ಬೀಗರು ಹಿಂದೇಟು ಹಾಕಿದ್ದರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ದೊಡ್ಡಿಯಲ್ಲಿ ಆಗಲೇ ಇವರ ಕೊಡ ಬಾವಿಗೆ ಇಳಿಯುವ ಮುಂಚೆ ಉಳಿದವರು ನೀರು ಸೇದಿಕೊಂಡು ಹೋಗಿಬಿಡುತ್ತಿದ್ದರು.

"ಕ್ಷಯದ ಮನಿ ಹೆಣ್ಣು ತರಂಗಿಲ್ಲ ಅಂತಾರ್ರಿ ಬೀಗರು. ಕ್ಷಯ ಅಲ್ಲ ಅಂತ ಸರಕಾರದವ್ರು ಮುದ್ರಿ ಒತ್ತಿ ಬರ್ಕೊಟ್ರ ಈ ಮಾಗಿಗೇ ಲಗ್ನ ಮಾಡ್ಕೊಂತೀವಿ ಅಂದಾರ. ಅದೊಂದು ಕಾಗದ ಕೊಡಿಸ್ರಿ, ಯಪ್ಪಾ. ಬ್ಯಾರೆ ಏನೂ ಕೇಳಂಗಿಲ್ಲ."

ಕೊಡಿಸುತ್ತೇನೆ ಎಂದೆ. ಅಷ್ಟು ಸುಲಭವಾಗಿ ಅಂದೆನಲ್ಲ ಎಂದು ಈಗ ಮೈ ಉರಿಯುತ್ತದೆ.

ಕೈಯಲ್ಲಿ ಒಂದು ಒಳ್ಳೆಯ ಕಾಗದವಿತ್ತು. ಸಾಬಣ್ಣನನ್ನು ನೋಡಿದ್ದ ಸರಕಾರಿ ಡಾಕ್ಟರು ಕಫದಲ್ಲಿ ಕ್ಷಯದ ಕ್ರಿಮಿ ಇಲ್ಲವೆಂದು ಚೀಟಿ ಬರೆದಿದ್ದರು. ಆದರೆ ಅವರಿಗೆ ಔರಂಗಾಬಾದ್ ಕಡೆ ವರ್ಗವಾಗಿತ್ತು. ಎರಡು ಸಲ ಸಮನ್ಸು ಕಳಿಸಿದೆ, ಎರಡು ಸಲವೂ ಹಿಂದೆ ಬಂತು. ಬರೆದವರೇ ಬಂದು ಹೇಳುವವರೆಗೆ ಚೀಟಿ ಬದಿಗಿರಲಿ ಎಂದರು ಸಾಹೇಬರು. ಗಿರಣಿಯವರೋ, ಸಾಬಣ್ಣ ಬಾಯ್ಲರಿನ ಹತ್ತಿರ ಸುಳಿದವನೇ ಅಲ್ಲ, ಅಂಡಿಗೆ ಹೊರುವವನು ಎಂದು ಹಾಜರಿ ಪಟ್ಟಿ ತೋರಿಸಿದರು. ಅವನ ಜೊತೆ ಲೇಪದ ಕೆಲಸ ಮಾಡಿದ್ದವರು ಇಬ್ಬರು. ಒಬ್ಬ ಅವನ ಹಾಗೆಯೇ ದಮ್ಮು ಕಟ್ಟಿ ಸತ್ತಿದ್ದ, ಇನ್ನೊಬ್ಬ ಮುಂಬಯಿಗೆ ಹೋದವನು ಎಲ್ಲಿದ್ದಾನೋ ಅವನ ಮನೆಯವರಿಗೇ ಗೊತ್ತಿರಲಿಲ್ಲ. ಮಲ್ಲಮ್ಮ ದೊಡ್ಡಿ ಬಿಟ್ಟು ಬಂದವಳಲ್ಲ, ಗಿರಣಿಯ ಒಳಗು ಕಂಡವಳಲ್ಲ. ಬಿಳಿ ನಾರಿನ ಸಂಗತಿ ಅವಳಿಗೆ ತಿಳಿದದ್ದೂ ಗಂಡ ಸತ್ತ ಮೇಲೆ.

"ಮತ್ತ ನಿಮಗ ಹೆಂಗ ಗೊತ್ತಾತು?" ಎಂದು ಕೇಳಿದೆ.

"ಅಣ್ಣ ಸಾಯೋ ದಿನ ಐದು ಮಂದಿ ಗಂಡಸರನ್ನ ಕೂಡ್ಸಿ, ಅಂಗೈಯಾಗ ದೇವ್ರ ಭಂಡಾರ ಹಿಡ್ಕೊಂಡು ಎಲ್ಲಾ ಹೇಳ್ಯಾನ್ರಿ," ಎಂದ ಹಣಮಂತ. "ಹಿರೇರು ಭೀಮರಾಯ ಮುತ್ಯಾ ಇದ್ರು. ನಾನೂ ಅಲ್ಲೇ ಕುಂತಿದ್ದೆ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬಂದು ಹೇಳಿದರೆ ಕೋರ್ಟು ಕೇಳುವುದಿಲ್ಲ, ಅದನ್ನು ನಮ್ಮ ಕಡೆ ಸುನೀ ಸುನಾಯೀ ಮಾತು ಎಂದು ತಳ್ಳಿಬಿಡುತ್ತಾರೆ. ಆದರೆ ಸತ್ತವನು ತನ್ನ ಸಾವಿನ ಕಾರಣವನ್ನು ತಾನೇ ಹೇಳಿದ್ದರೆ, ಅದನ್ನು ಸ್ವಂತ ಕಿವಿಯಿಂದ ಕೇಳಿದವನು ಬಂದು ಹೇಳಬಹುದು. ಕಾನೂನು ಸತ್ತವರಿಗೆ ಅದೊಂದು ಬಾಗಿಲು ತೆರೆದಿಟ್ಟಿದೆ. ಇಲ್ಲಿ ಕೇಳಿದವರು ಒಬ್ಬರಲ್ಲ, ಐವರು. ಗೆದ್ದೆವೆಂದೇ ಅಂದುಕೊಂಡೆ.

"ಆ ಮಾತು ಯಾರಿಗೆ ಪೂರ್ತಿ ಬರ್ತದ, ಅವ್ರನ್ನ ಕರ್ಕೊಂಡು ಬಾ," ಎಂದೆ. "ಉಳಿದವ್ರೂ ಬರ್ಲಿ."

ಅದು ನಾನು ಮಾಡಿದ ತಪ್ಪು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ ಹಿರಿಯರು. ನಾನು ಹೊಸ ಕೋಟಿನ ವಕೀಲ, ಪರಾಂಬರಿಸಲಿಲ್ಲ.

ವಿಚಾರಣೆ ಶ್ರಾವಣದ ಕೊನೆಗೆ ಬಂತು. ಭೀಮೆ ಕೆಂಪಾಗಿ ಹರಿಯುತ್ತಿದ್ದಳು, ಊರಿನ ಓಣಿಗಳೆಲ್ಲ ಕೆಸರು. ದೊಡ್ಡಿಯವರು ಹಿಂದಿನ ದಿನವೇ ಬಂದು ಗುಡಿಯ ಜಗಲಿಯಲ್ಲಿ ಇಳಿದಿದ್ದರಂತೆ. ಮಲ್ಲಮ್ಮ, ಅವಳ ಹಿಂದೆ ಹದಿನೈದರ ದೇವಮ್ಮ, ಹಣಮಂತ, ಇನ್ನು ಮೂವರು ಗಂಡಸರು. ಹಿರಿಯ ಭೀಮರಾಯ ಕಾಣಲಿಲ್ಲ.

"ಮುತ್ಯಾ ಎಲ್ಲಿ?" ಎಂದೆ.

"ಮುತ್ಯಾ ಹೋದ್ರು ರಿ, ಹದಿನೈದು ದಿನ ಆತು," ಎಂದ ಹಣಮಂತ. "ಅದಕ್ಕೇನೂ ಅಡ್ಡಿಲ್ರಿ. ಇವ್ರು ನಿಂಗಪ್ಪ, ಮುತ್ಯಾನ ಮಗ. ಮಾತು ಇವ್ರ ಹತ್ರ ಅದ. ಒಂದಕ್ಷರ ತಪ್ಪಂಗಿಲ್ಲ."

ಅಷ್ಟರಲ್ಲಿ ಜವಾನ ಕೂಗಿದ. ನಿಂಗಪ್ಪನೂ ಆ ಐವರಲ್ಲಿ ಒಬ್ಬನೇ ಇರಬೇಕೆಂದು ನಾನು ತಿಳಿದೆ. ಒಂದೇ ಒಂದು ಪ್ರಶ್ನೆ ಕೇಳುವ ವ್ಯವಧಾನ ನನಗೆ ಇರಲಿಲ್ಲ.

ನಿಂಗಪ್ಪ ಕಟಕಟೆ ಹತ್ತಿ ಪ್ರಮಾಣ ಮಾಡಿದ. ಸಾಬಣ್ಣ ಏನು ಹೇಳಿದ್ದ ಎಂದು ಕೇಳಿದೆ. ಅವನು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ತನ್ನದಲ್ಲದ ದನಿಯಲ್ಲಿ ಶುರು ಮಾಡಿದ.

"ನಾ ಸಾಬಣ್ಣ ಹೇಳಾಕತ್ತೇನಿ. ಬಾಯ್ಲರ್ ತಣ್ಣಗಾದ ಮ್ಯಾಲ ಅದರ ಬೆನ್ನ ಮ್ಯಾಲ ಏರಿ ಹಳೇ ನಾರು ಉಳೀಲೆ ಕೆತ್ತಿದೆ. ಬಾಗಿಲ ಹಾಕ್ತಿದ್ರು, ಧೂಳ ಹೊರಗ ಹೋಗಿ ಹತ್ತಿ ಮ್ಯಾಲ ಬೀಳಬಾರ್ದಂತ. ಚೀಲದಾಗಿನ ಹೊಸ ನಾರು ಕೈಲೆ ಹರದೆ, ನೀರು ಹಾಕಿ ತುಳದೆ, ಕೈಲೆ ಮೆತ್ತಿದೆ. ಆರು ಮಳಿಗಾಲ. ಮೇಸ್ತ್ರಿ ಬೆಲ್ಲ ಕೊಡ್ತಿದ್ದ, ಬೆಲ್ಲ ತಿಂದ್ರ ಧೂಳ ಇಳೀತದ ಅಂತಿದ್ದ. ಬೆಲ್ಲ ಇಳೀತು, ಧೂಳ ಇಳೀಲಿಲ್ಲ. ಕ್ಷಯ ಅಂತ ಯಾರರ ಅಂದ್ರ ಅಲ್ಲ ಅಂತ ಹೇಳ್ರಿ. ನನ್ನ ಮಗಳಿಗೆ ಇದು ಹತ್ತಂಗಿಲ್ಲ ಅಂತ ಹೇಳ್ರಿ."

ಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಸಾಹೇಬರು ಪುಟ ತುಂಬ ಬರೆದುಕೊಂಡಿದ್ದರು. ಗಿರಣಿಯ ಪರ ಬಂದಿದ್ದವರು ಗುಲ್ಬರ್ಗಾದ ಹಿರಿಯ ವಕೀಲರು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸ ಮಾಡುವವರು. ಒಂದೇ ಪ್ರಶ್ನೆ ಕೇಳಿದರು.

"ಸಾಬಣ್ಣ ಈ ಮಾತು ಹೇಳುವಾಗ ನೀ ಎಲ್ಲಿದ್ದಿ, ನಿಂಗಪ್ಪ?"

"ಕುರಿ ತಗೊಂಡು ಅಡವ್ಯಾಗ ಇದ್ದೆ ರಿ. ಮೂರು ತಿಂಗಳ ಆದ ಮ್ಯಾಲ ಬಂದೆ."

"ಮತ್ತ ಇದೆಲ್ಲ?"

"ನಮ್ಮಪ್ಪ ಸಾಯೋ ಮುಂದ ನನಗ ಒಪ್ಪಿಸ್ಯಾನ್ರಿ."

ಹಿರಿಯ ವಕೀಲರು ಪೇಷ್ಕಾರನ ಕಡೆ ತಿರುಗಿ, ಸುನೀ ಸುನಾಯೀ, ಅದೂ ಎರಡು ಬಾಯಿ ದಾಟಿದ್ದು ಎಂದು ನಕ್ಕರು. ಸಾಹೇಬರು ತಾವು ಬರೆದಿದ್ದ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಸಾಬಣ್ಣನ ಆರು ಮಳೆಗಾಲದ ಮೇಲೆ ಒಂದು ಗೆರೆ.

ಇನ್ನೂ ಹಣಮಂತನಿದ್ದಾನೆ ಎಂದು ಧೈರ್ಯ ತಂದುಕೊಂಡೆ. ಅವನನ್ನು ಹತ್ತಿಸಿದೆ. ನಿನ್ನ ಅಣ್ಣ ಏನು ಹೇಳಿದ ಎಂದೆ.

"ಆ ಮಾತು ನಿಂಗಪ್ಪನ ಹತ್ರ ಅದ್ರಿ."

"ನಿನ್ನ ಕಿವೀಲೆ ಕೇಳೀಯಲ್ಲ?"

"ಕುಂತಿದ್ದೆ ರಿ. ಮಾತು ನಿಂಗಪ್ಪನ ಹತ್ರ ಅದ."

ಮೂರು ಬಗೆಯಲ್ಲಿ ಕೇಳಿದೆ, ಮೂರು ಸಲವೂ ಅದೇ. ಉಳಿದಿಬ್ಬರೂ ಅದನ್ನೇ ಹೇಳಿ ಇಳಿದರು. ಐವರಲ್ಲಿ ಇನ್ನೊಬ್ಬ ಕುರಿ ಹಿಂದೆ ಹೋದವನು ಬಂದೇ ಇರಲಿಲ್ಲ. ಸಾಹೇಬರು ಗಡಿಯಾರ ನೋಡಿ ಊಟಕ್ಕೆ ಎದ್ದರು.

ಪಡಸಾಲೆಗೆ ಬಂದು ನಾನು ಕೂಗಾಡಿದೆ. ಹಣಮಂತ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡ. ಆಮೇಲೆ ಮಗುವಿಗೆ ತಿಳಿಹೇಳುವಂತೆ ನನಗೆ ಹೇಳಿದ. ಅವರಲ್ಲಿ ಸಾಯುವವನು ಐವರ ಮುಂದೆ ಮಾತು ಆಡಿದರೂ ಒಪ್ಪಿಸುವುದು ಹಿರಿಯನೊಬ್ಬನಿಗೆ. ಉಳಿದವರು ಒಪ್ಪಿಸಿದ್ದಕ್ಕೆ ಸಾಕ್ಷಿ, ಮಾತಿಗೆ ಅಲ್ಲ. ಹಿರಿಯ ಸಾಯುವಾಗ ಅದನ್ನು ಇನ್ನೊಬ್ಬನಿಗೆ ಒಪ್ಪಿಸಬೇಕು. ನಡುವೆ ಬೇರೆ ಯಾರೂ ಅದನ್ನು ಬಾಯಿಗೆ ತರುವಂತಿಲ್ಲ. ಮಲ್ಲಮ್ಮನಿಗೂ ಅದನ್ನು ತಿಳಿಸಿದವನು ಭೀಮರಾಯನೇ.

"ಇಬ್ಬರಿಗೆ ಒಪ್ಪಿಸಿದ ಹಿಂಡು ತ್ವಾಳದ ಪಾಲು ರಿ, ಸಾಬ್ರ. ಒಬ್ಬೊಬ್ಬರು ಒಂದೊಂದು ನಮೂನಿ ಹೇಳಿದ್ರ ಅಣ್ಣ ಸುಳ್ಳಾಗ್ತಾನ."

ಎಂಥ ಎಚ್ಚರದ ಮಂದಿ. ಬಾಯಿಂದ ಬಾಯಿಗೆ ಹೋಗುವ ಮಾತು ಕೆಡುತ್ತದೆ ಎಂದು ಕಾನೂನು ಹೆದರುವಂತೆಯೇ ಇವರೂ ಹೆದರಿದ್ದರು. ಕೆಡದಂತೆ ಇವರು ಕಂಡುಕೊಂಡ ದಾರಿ, ಕೋರ್ಟಿನಲ್ಲಿ ಮಾತನ್ನು ಕೊಲ್ಲುವ ದಾರಿಯಾಗಿತ್ತು. ಇದನ್ನು ಆಗ ಯೋಚಿಸಲಿಲ್ಲ. ಆಗ ನಾನು ಅವನ ರಟ್ಟೆ ಹಿಡಿದು, "ಹೇಳಪ್ಪ, ನೀ ಕೇಳಿದ್ದು ನೀ ಹೇಳು," ಎಂದು ಗೋಗರೆಯುತ್ತಿದ್ದೆ. ಅವನು ತಲೆ ಅಲ್ಲಾಡಿಸುತ್ತಿದ್ದ.

ಮಲ್ಲಮ್ಮ ಎದ್ದು ಬಂದಳು. ರೊಟ್ಟಿಯ ಗಂಟು ಬಿಚ್ಚಿರಲೇ ಇಲ್ಲ.

"ಹಣಮಂತಾ, ನಾ ಎಂದಾರ ನಿನ್ನ ಏನಾರ ಕೇಳೀನೇನು?"

"ಇಲ್ಲ, ಅತ್ತಿಗಿ."

"ಈಗ ಕೇಳಾಕತ್ತೇನಿ. ದೇವಮ್ಮನ ಮಾರಿ ನೋಡಿ ಹೇಳು, ಆಗಂಗಿಲ್ಲ ಅಂತ."

ಹಣಮಂತ ಹುಡುಗಿಯ ಮುಖ ನೋಡಲಿಲ್ಲ. ಹೊರಗಿನ ಮಳೆಯ ಕಡೆ ತಿರುಗಿದ. ಆಮೇಲೆ "ಹೇಳ್ತೀನಿ" ಎಂದ. ನಿಂಗಪ್ಪ ಎದ್ದು ದೂರ ಹೋಗಿ, ನಮಗೆ ಬೆನ್ನು ಮಾಡಿ ಕೂತ.

ಮಧ್ಯಾಹ್ನ ಸಾಹೇಬರನ್ನು ಬೇಡಿಕೊಂಡು ಹಣಮಂತನನ್ನು ಮತ್ತೆ ಹತ್ತಿಸಿದೆ. ಅವನು ಹೇಳಿದ. ಅಣ್ಣನ ಮಾತು ಅಕ್ಷರಕ್ಕೆ ಅಕ್ಷರ ನಿಂಗಪ್ಪನ ಬಾಯಲ್ಲಿ ಬಂದಂತೆಯೇ ಬಂತು, ಬೆಲ್ಲದ ಸಂಗತಿಯವರೆಗೆ. ಅಲ್ಲಿಗೆ ಬಿಕ್ಕಳಿಸಿ ಅತ್ತುಬಿಟ್ಟ. ಕಣ್ಣೊರೆಸಿಕೊಂಡು ಮಗಳ ಮಾತನ್ನೂ ಹೇಳಿ ಮುಗಿಸಿದ. ಸಾಹೇಬರು ಬರೆದುಕೊಂಡರು. ಗೆರೆ ಎಳೆಯಲಿಲ್ಲ. ನನಗೆ ಜೀವ ಬಂದಂತಾಯಿತು.

ಹಿರಿಯ ವಕೀಲರು ಈ ಸಲವೂ ಮೆತ್ತಗೇ ಕೇಳಿದರು. "ಮುಂಜಾನೆ ಮೂರು ಸಲ ಕೇಳಿದ್ರೂ ಹೇಳಲಿಲ್ಲ. ಈಗ ಎಲ್ಲ ಹೇಳಿದಿ. ನಡುವ ಯಾರರ ಹೇಳು ಅಂದ್ರೇನು?"

ಹಣಮಂತ ನನ್ನ ಕಡೆ ನೋಡಿದ. ಒಂದು ದಿನಕ್ಕೆ ಒಂದು ಕಟ್ಟಳೆ ಮುರಿದದ್ದು ಅವನಿಗೆ ಸಾಕಾಗಿತ್ತೋ ಏನೋ. ದೇವರ ಮೇಲೆ ಪ್ರಮಾಣ ಮಾಡಿದ್ದನ್ನೂ ಮುರಿಯುವುದು ಅವನಿಂದ ಆಗಲಿಲ್ಲ.

"ವಕೀಲ ಸಾಬ್ರು ಹೇಳು ಅಂದ್ರು ರಿ," ಎಂದ.

ಕೋಣೆಯೆಲ್ಲ ನಕ್ಕಿತು. ಪೇಷ್ಕಾರ ನಕ್ಕ, ಜವಾನ ನಕ್ಕ. ಸಾಹೇಬರು ನಗಲಿಲ್ಲ, ಕನ್ನಡಕದ ಮೇಲಿಂದ ನನ್ನನ್ನು ನೋಡಿ 'ಕಲಿಸಿಕೊಟ್ಟ ಸಾಕ್ಷಿ' ಎಂದು ಬರೆದುಕೊಂಡರು. ನಾಚಿಕೆಯಿಂದ ಕೂತು ತಲೆ ತಗ್ಗಿಸಿದೆ. ಮಲ್ಲಮ್ಮನನ್ನಲ್ಲ, ದೇವಮ್ಮನನ್ನಲ್ಲ, ನನ್ನ ಹೆಸರನ್ನು, ನಾಳೆ ಈ ಊರಲ್ಲಿ ನನ್ನನ್ನು ಯಾರು ವಕೀಲನೆಂದು ಕರೆದಾರು ಎಂಬುದನ್ನು ಯೋಚಿಸುತ್ತ ಕೂತೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಹೊತ್ತಿನಲ್ಲೇ ಗಿರಣಿಯ ದವಾಖಾನೆಯ ಕಂಪೌಂಡರ್ ಕಟಕಟೆ ಹತ್ತಿದ್ದ. ಸಾಬಣ್ಣ ಕ್ಷಯದಿಂದ ಸತ್ತ ಎಂದ. ಗಿರಣಿಯಲ್ಲಿ ಎಲ್ಲರೂ ಹಾಗೇ ಅಂತಿದ್ದರು ಎಂದ. ನನ್ನ ಕಿವಿಗೆ ಬಿತ್ತು. ಪಾಟೀಸವಾಲು ಇದೆಯೇ ಎಂದು ಸಾಹೇಬರು ಕೇಳಿದರು. ಇಲ್ಲ ಎಂದು ಕೈ ಅಲ್ಲಾಡಿಸಿದೆ.

ಆರ್ಡರು ದಸರೆಯ ಹಿಂದೆಮುಂದೆ ಬಂತು. ಮಳೆ ಹಿಂದಾಗಿ ಜೋಳ ಬಿತ್ತುತ್ತಿದ್ದರು, ಬಿಸಿಲಿಗೆ ಎರೆಹೊಲ ಬಿರಿಯಲು ಶುರುವಾಗಿತ್ತು. ಮಲ್ಲಮ್ಮ ಮಗಳನ್ನಷ್ಟೇ ಕರೆದುಕೊಂಡು ಬಂದಿದ್ದಳು. ಹಣಮಂತನೆಲ್ಲಿ ಎಂದು ಕೇಳಿದೆ.

"ಅಂವನ್ನ ಈಗ ಐದು ಮಂದ್ಯಾಗ ಕೂಡ್ಸಂಗಿಲ್ರಿ. ಕುರಿ ಹೊಡ್ಕೊಂಡು ಆಚಿ ಸೀಮಿಗೆ ಹೋಗ್ಯಾನ. ಯಾವಾಗ ಬರ್ತಾನೋ." ಅಷ್ಟು ಹೇಳಿ ಆಕೆ ಕಾಗದದ ಕಡೆ ಕೈ ತೋರಿಸಿದಳು. "ಏನ್ ಬರದಾರ, ಓದ್ರಿ."

ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಬೇಕಾದಷ್ಟು ಬಿಟ್ಟು ಹೇಳಬಹುದಿತ್ತು, ಬಿಡಲಿಲ್ಲ. ಸಾಬಣ್ಣ ಬಾಯ್ಲರಿನಲ್ಲಿ ದುಡಿದನೆಂಬುದಕ್ಕೆ ನಂಬತಕ್ಕ ಸಾಕ್ಷಿ ಇಲ್ಲ. ಅವನು ಕ್ಷಯದಿಂದ ಸತ್ತನೆಂದು ಗಿರಣಿಯ ಕಂಪೌಂಡರ್ ಹೇಳಿದ್ದಾನೆ, ಅದನ್ನು ಯಾರೂ ಅಲ್ಲಗಳೆದಿಲ್ಲ. ಅರ್ಜಿ ವಜಾ.

"ಮುದ್ರಿ ಒತ್ಯಾರೇನ್ರಿ?"

"ಒತ್ಯಾರ."

ಆಕೆ ಕಾಗದ ತೆಗೆದುಕೊಂಡು ಆ ಮುದ್ರೆಯ ಮೇಲೆ ಬೆರಳಾಡಿಸಿದಳು. ದೇವಮ್ಮ ಕಂಬದ ಬಳಿ ನೆಲ ನೋಡುತ್ತ ನಿಂತಿದ್ದಳು. ಅದುವರೆಗೆ ಅವರು ಕ್ಷಯದವರೆಂಬುದು ಊರ ಮಂದಿಯ ಬಾಯಲ್ಲಿತ್ತು. ಈಗ ಸರಕಾರವೇ ಬರೆದುಕೊಟ್ಟಿತ್ತು. ಹೈದರಾಬಾದಿಗೆ ಅಪೀಲು ಹೋಗೋಣ ಎಂದು ನಾನು ಬಡಬಡಿಸಿದೆ.

"ಬೀಗರು ಬ್ಯಾರೆ ಕಡಿ ಹೆಣ್ಣು ನೋಡಿ ಬಂದಾರ್ರಿ," ಎಂದಳು. ಕಾಗದ ಮಡಿಚುತ್ತ ಕೇಳಿದಳು, "ಆ ಕಂಪೌಂಡರ್ ತನ್ನ ಕಣ್ಣೀಲೆ ಕಂಡಾನೇನ್ರಿ, ಕ್ಷಯ ಅಂತ?"

"ಇಲ್ಲಕ್ಕಾ. ಗಿರಣ್ಯಾಗ ಮಂದಿ ಅಂತಿದ್ರಂತ."

"ಮಂದಿ ಮಾತು ಸಾಕ್ಷಿ ಆಗಂಗಿಲ್ಲ ಅಂತ ನಿಂಗಪ್ಪಗ ಅಂದ್ರಲ್ರಿ. ಇದು ಹೆಂಗ ಆತು?"

"ಅಂವ ಹಂಗ ಅಂದಾಗ ಎದ್ದು ನಿಂತು, ಇದು ನಡಿಯಂಗಿಲ್ಲ ಅನ್ಬೇಕಾಗ್ತದ. ಯಾರೂ ಅನ್ನಲಿಲ್ಲ. ಅದಕ್ಕ ಬರ್ಕೊಂಡಾರ."

"ಯಾರ್ ಅನ್ಬೇಕಿತ್ರಿ?"

"ನಾನು," ಎಂದೆ.

ದೇವಮ್ಮ ಆಗ ತಲೆ ಎತ್ತಿ ನನ್ನ ಮುಖ ನೋಡಿದಳು.